ಅರ್ಧಕ್ಕೆ ಇಳಿಸಿದ ನೀರು

ನೀರು ಸಿಹಿಯಾಗಿದೆ ಎಂದು ಹೇಳಿದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದೆ ಬರೆಯುತ್ತ ಹೋದರೆ ಎಲ್ಲಿಯಾದರೂ ಜಾರಿಕೊಳ್ಳುವ ಅಭ್ಯಾಸ ನನಗಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಪ್ರಯೋಗಾಲಯವೆಂದರೆ ಉದ್ದನೆಯ ಒಂದು ಕೋಣೆ, ಶಹಾಬಾದ್ ಕಲ್ಲು ಹಾಸಿದ ಎರಡು ಕಟ್ಟೆ, ಮೂರು ಸೂಕ್ಷ್ಮದರ್ಶಕ, ಕಿಟಕಿಯ ಪಕ್ಕ ಒಂದು ಸಿಂಕು. ಸಿಂಕಿನ ಮುಂದೆ ನಮ್ಮ ಅಟೆಂಡರ್. ನನ್ನ ತಂದೆಯ ವಯಸ್ಸಿನವರು, ದೇವದುರ್ಗ ತಾಲೂಕಿನ ಮಸರಕಲ್ ಕಡೆಯವರು, ಕಾಲೇಜಿಗೆ ಸೇರುವ ಮೊದಲು ಕುರಿ ಕಾಯುತ್ತಿದ್ದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಅಕ್ಕೋರ ಎನ್ನುತ್ತಿದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅದೇ ಹೆಸರು.

ಟ್ಯೂಬುಗಳನ್ನು ಅವರು ಮೂರು ಸಲ ತೊಳೆಯುತ್ತಿದ್ದರು. ಕೊನೆಗೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಸಂತೆಯಲ್ಲಿ ಕುರಿಯ ಹಲ್ಲು ನೋಡುವವರಂತೆ ನೋಡುತ್ತಿದ್ದರು. ಮನಸ್ಸಿಗೆ ಬಾರದಿದ್ದರೆ ಮತ್ತೆ ನೀರಿಗೆ ಹಾಕುತ್ತಿದ್ದರು. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ಅವರ ಮಗಳನ್ನು ಮಸರಕಲ್‌ನಿಂದ ಆಚೆ ಒಂದು ದೊಡ್ಡಿಗೆ ಕೊಟ್ಟಿದ್ದರು. ದೊಡ್ಡಿ ಎಂದರೆ ಊರ ಹೊರಗೆ, ಹೊಲಗಳ ನಡುವೆ, ಕುರಿಗಳೊಂದಿಗೆ ನೆಲೆಸಿದ ನಾಲ್ಕೆಂಟು ಮನೆಗಳು. ಮಗಳಿಗೆ ಹೆಣ್ಣು ಕೂಸು ಹುಟ್ಟಿ ಎರಡು ತಿಂಗಳಾಗಿತ್ತು. ಜ್ವರ ಬಂದು ಎದೆಹಾಲು ನಿಂತುಹೋಗಿತ್ತು. ಆಡಿನ ಹಾಲು ಕೂಸಿಗೆ ಹತ್ತಲಿಲ್ಲ. ಹೀಗಾಗಿ ಕಾಕಾ ರಾಯಚೂರಿನಲ್ಲಿ ಹಾಲಿನ ಪುಡಿಯ ಡಬ್ಬಿ ಕೊಂಡು ಪ್ರತಿ ಭಾನುವಾರ ಬಸ್ಸಿಗೆ ಹೋಗಿ ಕೊಟ್ಟು ಬರುತ್ತಿದ್ದರು. ಒಂದು ಸೋಮವಾರ ಬರುವಾಗ ಶರಬತ್ತಿನ ಬಾಟಲಿಯಲ್ಲಿ ನೀರು ತಂದು ನನ್ನ ಮುಂದಿಟ್ಟರು.

"ಮಗಳ ದೊಡ್ಡ್ಯಾಗಿನ ಬಾವಿ ನೀರ್ರೀ ಅಕ್ಕೋರ. ಪುಡಿ ಇದ್ರಾಗ ಕಲಸ್ತಾರ. ಕೂಸಿಗಿ ನಡಿತಾವೇನು ಒಂದೀಟು ನೋಡ್ರಿ."

ನಮ್ಮ ಸೀಮೆಯಲ್ಲಿ ಬಾವಿಯ ಬಗ್ಗೆ ಕೇಳುವುದು ಒಂದೇ ಪ್ರಶ್ನೆ: ಸವಳೋ ಸಿಹಿಯೋ. ನಾನೂ ಅದನ್ನೇ ನೋಡಿದೆ. ಉಪ್ಪಿನ ಅಂಶ ಎಷ್ಟಿದೆ ಎಂದು ನೋಡುವ ಪರೀಕ್ಷೆ ಹತ್ತು ನಿಮಿಷದ ಕೆಲಸ. ಕಡಿಮೆಯೇ ಇತ್ತು. ನಾಲಿಗೆಗೆ ಒಂದು ಹನಿ ಹಚ್ಚಿಕೊಂಡೂ ನೋಡಿದೆ.

"ಸಿಹಿ ಅದಾವ ಕಾಕಾ. ಕುದಿಸಿ ಹಾಕಾಕ ಹೇಳ್ರಿ, ಏನೂ ಆಗಂಗಿಲ್ಲ" ಎಂದೆ.

ಕುದಿಸಿ ಎಂದು ಹೇಳಿದ್ದು ಓದಿನಿಂದಲ್ಲ, ಮನೆಯಿಂದ ಬಂದ ಮಾತು. ನಾನು ಮಾನ್ವಿಯಲ್ಲಿ ಬೆಳೆದವಳು. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಶಾಲೆಯಲ್ಲಿದ್ದಾಗ, ಕಾಲುವೆಯ ನೀರು ಕುಡಿದು ನನ್ನ ತಮ್ಮ ವಾಂತಿಭೇದಿಯಲ್ಲಿ ಸಾಯುವಂತಾಗಿ ಉಳಿದ. ಅಂದಿನಿಂದ ಅವ್ವ ಕುದಿಸದ ನೀರನ್ನು ನಮ್ಮ ಬಾಯಿಗೆ ತಾಗಿಸಲಿಲ್ಲ. ಒಂದು ಕುದಿ ಬಂದರೆ ಇಳಿಸಿ ಮುಚ್ಚಿಡುತ್ತಿದ್ದಳು. ಕುದಿಸುವುದೆಂದರೆ ಅಷ್ಟೇ ಎಂದು ನಾನು ತಿಳಿದಿದ್ದೆ, ಎಲ್ಲರೂ ಹಾಗೇ ತಿಳಿದಿರುತ್ತಾರೆ ಎಂದೂ ತಿಳಿದಿದ್ದೆ.

ಆ ದಿನ ನಾನು ಇನ್ನೊಂದು ಮಾತು ಹೇಳಿದೆ. ಮುಂದಿನ ಭಾನುವಾರ ಹೋದಾಗ ಅದೇ ಬಾವಿಯ ತಳದ ಕೆಸರು ಒಂದು ಹಿಡಿ, ನೀರು ಒಂದು ಕ್ಯಾನು ತನ್ನಿ ಎಂದೆ. ಅದು ಕೂಸಿಗಲ್ಲ, ನನಗೆ.

ನಾನಾಗ ಎಂ.ಫಿಲ್‌ಗೆ ಓದುತ್ತಿದ್ದೆ. ವಿಷಯ ಹೇಳಿದರೆ ಮನೆಯಲ್ಲಿ ನಗುತ್ತಿದ್ದರು. ಗಾಳಿ ಸಿಗದ ಜಾಗದಲ್ಲಿ, ಬಾವಿಯ ಕೆಸರು, ಕುರಿಯ ಹೊಟ್ಟೆ, ಮನುಷ್ಯರ ಕರುಳು ಇಂಥಲ್ಲಿ, ಕೆಲವು ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ನೈಟ್ರೇಟನ್ನು ಬಳಸುತ್ತವೆ. ನೈಟ್ರೇಟ್ ಒಂದು ಸಣ್ಣ ಅಯಾನು, ಎಂದರೆ ವಿದ್ಯುದಂಶ ಹೊತ್ತ ಕಣ. ಬ್ಯಾಕ್ಟೀರಿಯಾದ ಮೈಯನ್ನು ಸುತ್ತಿರುವ ಪೊರೆ ಎಣ್ಣೆಯಂಥದು, ಅದರಲ್ಲಿ ಅಯಾನು ತಾನಾಗಿ ದಾಟಲಾರದು. ಪೊರೆಯಲ್ಲಿ ನಟ್ಟು ನಿಂತ ಪ್ರೋಟೀನುಗಳು ಅದನ್ನು ಒಳಗೆ ಬಿಟ್ಟುಕೊಳ್ಳಬೇಕು. ಒಳಗೆ ಹೋದ ನೈಟ್ರೇಟ್ ಒಂದು ಆಮ್ಲಜನಕ ಕಳೆದುಕೊಂಡು ನೈಟ್ರೈಟ್ ಆಗುತ್ತದೆ. ನೈಟ್ರೈಟ್ ವಿಷ. ಬ್ಯಾಕ್ಟೀರಿಯಾ ಅದನ್ನು ಒಳಗಿಟ್ಟುಕೊಳ್ಳುವುದಿಲ್ಲ, ಅಂಥದೇ ಪ್ರೋಟೀನಿನ ಮೂಲಕ ಹೊರಗೆ ತಳ್ಳುತ್ತದೆ. ಒಳಗೆ ತರುವುದೂ ಹೊರಗೆ ತಳ್ಳುವುದೂ ಒಂದೇ ಪ್ರೋಟೀನೇ, ಬೇರೆ ಬೇರೆಯೇ? ನಮಗೆ ಸಿಗುತ್ತಿದ್ದ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಗುಲ್ಬರ್ಗಾದಲ್ಲಿದ್ದ ನನ್ನ ಮಾರ್ಗದರ್ಶಕರು, ನೀನೊಬ್ಬಳು ಹೊರಗಿನಿಂದ ಬಾಗಿಲು ಕಾದು ನೋಡು, ಏನು ಹೊರಬೀಳುತ್ತದೆ ಬರೆದಿಡು ಎಂದಿದ್ದರು.

ಹೊರಬಿದ್ದ ನೈಟ್ರೈಟನ್ನು ಕಾಣುವ ದಾರಿ ಸುಲಭವಾಗಿತ್ತು. ಎರಡು ದ್ರಾವಣಗಳನ್ನು ಒಂದಾದ ಮೇಲೊಂದು ಹನಿಸಿದರೆ, ನೈಟ್ರೈಟ್ ಇದ್ದಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಪ್ರತಿ ಸಲ ಆ ಬಣ್ಣ ಏಳುವಾಗ ನನಗೆ ಸಂತೋಷವಾಗುತ್ತಿತ್ತು. ಆ ದ್ರಾವಣಗಳ ಪುಡಿ ಹೈದರಾಬಾದಿನಿಂದ ಬರಬೇಕಿತ್ತು, ಬಂದರೆ ಸ್ವಲ್ಪವೇ ಬರುತ್ತಿತ್ತು. ಅದನ್ನು ಬೀರುವಿನಲ್ಲಿಟ್ಟು ಕೀಲಿ ನಾನೇ ಇಟ್ಟುಕೊಂಡಿದ್ದೆ. ಕೂಸಿನ ನೀರಿಗೆ ಅದನ್ನು ಹಾಕಿ ನೋಡಬಹುದೆಂಬ ಯೋಚನೆ ನನಗೆ ಬರಲಿಲ್ಲ ಎಂದು ಬಹಳ ದಿನ ಹೇಳಿಕೊಂಡೆ. ಬಂದಿತ್ತು. ಇಷ್ಟಕ್ಕೆಲ್ಲ ಯಾಕೆ ಖರ್ಚು ಮಾಡಲಿ ಎಂದುಕೊಂಡಿದ್ದೆ.

ಕಾಕಾ ಕೆಸರು ತಂದರು, ನೀರೂ ತಂದರು. ಕೆಸರಿನಿಂದ ಬ್ಯಾಕ್ಟೀರಿಯಾ ಬೆಳೆಸಿದೆ. ಆ ವಾರ ನೀರು ಭಟ್ಟಿ ಇಳಿಸುವ ನಮ್ಮ ಉಪಕರಣದ ಕಾಯಿಲ್ ಸುಟ್ಟಿತ್ತು. ಶುದ್ಧ ನೀರಿಲ್ಲ. ಬಾವಿಯದೇ ನೀರನ್ನು ಸೋಸಿ ಬಳಸಿದೆ. ಒಂದು ಸಾಲಿನ ಟ್ಯೂಬುಗಳಿಗೆ ನೈಟ್ರೇಟ್ ಸೇರಿಸಿದೆ. ಕೊನೆಯ ಒಂದಕ್ಕೆ ಬ್ಯಾಕ್ಟೀರಿಯಾ ಮಾತ್ರ ಹಾಕಿದೆ, ನೈಟ್ರೇಟ್ ಸೇರಿಸಲಿಲ್ಲ. ಅದು ಬಣ್ಣವಿಲ್ಲದೆ ಉಳಿಯಬೇಕು. ಉಳಿದರೆ ಮಾತ್ರ ಬೇರೆಯವುಗಳ ಬಣ್ಣಕ್ಕೆ ಅರ್ಥ.

ಅದು ಗುಲಾಬಿಯಾಯಿತು. ನಸುಗುಲಾಬಿಯಲ್ಲ, ಬೀಟ್‌ರೂಟ್ ಹಿಂಡಿದಂತೆ.

ನನಗೆ ಸಿಟ್ಟು ಬಂತು. ಒಂದು ವಾರದ ಕೆಲಸ ಕೆಟ್ಟಿತು ಎಂದುಕೊಂಡು ಕಾಕಾರನ್ನು ಕರೆದು ಟ್ಯೂಬು ತೋರಿಸಿದೆ. ಹಿಂದಿನ ಪ್ರಯೋಗದ್ದು ತಳದಲ್ಲಿ ಉಳಿದಿದೆ, ನೆಟ್ಟಗೆ ತೊಳೆದಿಲ್ಲ ಎಂದೆ. ಮೂರು ಸಲ ತೊಳದೀನ್ರಿ ಎಂದರು. ಹಾಗಾದರೆ ಬಣ್ಣ ಎಲ್ಲಿಂದ ಬಂತು ಎಂದು ಕೇಳಿದೆ, ಅಲ್ಲಿದ್ದ ನಾಲ್ವರು ವಿದ್ಯಾರ್ಥಿಗಳಿಗೆ ಕೇಳಿಸುವಂತೆ. ಅವರು ಟ್ಯೂಬನ್ನು ಕೈಗೆ ತೆಗೆದುಕೊಂಡರು, ಅಭ್ಯಾಸದಂತೆ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು, ಏನನ್ನೋ ಹೇಳಲು ಹೊರಟು ಸುಮ್ಮನಾದರು. ಸಿಂಕಿಗೆ ಹೋಗಿ ಅದನ್ನು ಚೆಲ್ಲಿದರು. ನಾನು ನೋಟುಬುಕ್ಕಿನಲ್ಲಿ ಆ ಟ್ಯೂಬಿನ ಎದುರು 'ಸ್ವಚ್ಛವಿಲ್ಲ' ಎಂದು ಬರೆದೆ.

ಅದಾಗಿ ಹತ್ತು ಹನ್ನೆರಡು ದಿನಕ್ಕೆ, ಒಂದು ಬೆಳಗ್ಗೆ ಕಾಕಾ ತಡವಾಗಿ ಬಂದು, ಬಾಗಿಲಲ್ಲೇ ನಿಂತು ರಜೆ ಕೇಳಿದರು. ಕೂಸನ್ನು ರಾಯಚೂರಿನ ಆಸ್ಪತ್ರೆಗೆ ತಂದಿದ್ದಾರೆ ಎಂದರು. ಎರಡು ದಿನದಿಂದ ತುಟಿ, ಉಗುರು ನೇರಳೆ ಹಣ್ಣಿನಂತಾಗಿವೆ, ಅಳುವ ಶಕ್ತಿಯಿಲ್ಲ. ಹೃದಯದಲ್ಲಿ ತೂತಿರಬಹುದು ಎಂದು ಡಾಕ್ಟರಿಗೆ ಮೊದಲು ಅನುಮಾನ ಬಂತಂತೆ. ಆಮ್ಲಜನಕ ಹಚ್ಚಿದರೂ ಬಣ್ಣ ತಿರುಗಲಿಲ್ಲವಂತೆ.

"ರಕ್ತ ತಗದ್ರೀ ಅಕ್ಕೋರ. ಕೆಂಪಿಲ್ಲ. ಹುಣಸಿ ರಸ ಇದ್ದಂಗ ಅದ."

ನಾನು ಕುಳಿತಿದ್ದ ಸ್ಟೂಲಿನಿಂದ ಎದ್ದೆನೋ ಇಲ್ಲವೋ ನೆನಪಿಲ್ಲ. ನೆನಪಿರುವುದು ಕೈ ಬೀರುವಿನ ಕೀಲಿ ಹುಡುಕಿದ್ದು. ಕ್ಯಾನಿನಲ್ಲಿ ತಳಕ್ಕೆ ಇನ್ನೂ ನೀರಿತ್ತು. ಒಂದು ಟ್ಯೂಬಿಗೆ ಅದನ್ನು ಹಾಕಿ, ನೈಟ್ರೇಟನ್ನು ನೈಟ್ರೈಟ್ ಮಾಡಲು ಚಿಟಿಕೆ ಸತುವಿನ ಪುಡಿ ಉದುರಿಸಿ, ಎರಡು ದ್ರಾವಣ ಹನಿಸಿದೆ. ಬಣ್ಣ ಏಳುವುದಕ್ಕೆ ಕಾಯಬೇಕಾಗಲಿಲ್ಲ. ಕಾಕಾ ನನ್ನ ಹಿಂದೆ ನಿಂತಿದ್ದರು. ಅದೇ ಬಣ್ಣ ಎಂದು ಅವರಿಗೂ ಕಂಡಿತು.

ತಲೆಮಾರುಗಳಿಂದ ಕುರಿ ತಂಗಿದ ನೆಲ ಅದು. ಬಾವಿ ಇಳುಕಲಿನಲ್ಲಿತ್ತು. ಹಿಕ್ಕೆ, ಗಂಜಲ ಎಲ್ಲ ಮಣ್ಣಲ್ಲಿ ನೈಟ್ರೇಟ್ ಆಗಿ, ಪ್ರತಿ ಮಳೆಗೂ ಇಳಿದು ಬಾವಿ ಸೇರಿತ್ತು. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ, ಸವಳೂ ಅಲ್ಲ. ದೊಡ್ಡವರಿಗೆ ಏನೂ ಆಗುವುದಿಲ್ಲ. ಎಳೆಗೂಸಿನ ಹೊಟ್ಟೆಯಲ್ಲಿ ಹುಳಿ ಕಡಿಮೆ, ಅಲ್ಲಿ ಆ ಬ್ಯಾಕ್ಟೀರಿಯಾಗಳು ಮೇಲಿನವರೆಗೂ ಬೆಳೆಯುತ್ತವೆ. ಬಾಗಿಲಲ್ಲಿ ನಿಂತ ಪ್ರೋಟೀನುಗಳು ನೈಟ್ರೇಟ್ ಒಳಗೆ ತಂದು ನೈಟ್ರೈಟ್ ಹೊರಗೆ ತಳ್ಳುತ್ತವೆ, ಅದು ಕೂಸಿನ ರಕ್ತಕ್ಕೆ ಬೀಳುತ್ತದೆ, ರಕ್ತ ಆಮ್ಲಜನಕ ಹೊರುವುದನ್ನು ಬಿಡುತ್ತದೆ. ಇದಷ್ಟೂ ನಾನು ತರಗತಿಯಲ್ಲಿ ಚಿತ್ರ ಬರೆದು ಹೇಳಿದ್ದ ಪಾಠ.

ರಿಕ್ಷಾದಲ್ಲಿ ಆಸ್ಪತ್ರೆಗೆ ಹೋದೆವು. ಟ್ಯೂಬನ್ನು ನಾನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದೆ. ಡಾಕ್ಟರು ಅದನ್ನು ನೋಡಿದರು, ನನ್ನ ಮಾತು ಕೇಳಿದರು, ಕೂಸಿನ ರಕ್ತದ ಸಿರಿಂಜನ್ನು ಗಾಳಿಯಲ್ಲಿ ಅಲ್ಲಾಡಿಸಿ ನೋಡಿದರು. ಗಾಳಿ ತಾಗಿದರೂ ಕೆಂಪಾಗದೆ ಕಂದು ಬಣ್ಣ ಹಾಗೇ ಇತ್ತು. ಸರಿ ಎಂದರು. ಇದಕ್ಕೆ ಮೆಥಿಲೀನ್ ಬ್ಲೂ ಚುಚ್ಚುಮದ್ದು ಬೇಕು, ಅಪರೂಪಕ್ಕೆ ಬೇಕಾಗುವಂಥದು, ಇಲ್ಲಿಲ್ಲ, ನಿಮ್ಮ ಕಾಲೇಜಿನಲ್ಲಿ ಆ ಬಣ್ಣ ಇರಬೇಕಲ್ಲ ಎಂದು ಕೇಳಿದರು. ಇತ್ತು. ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಚ್ಚಲು ದಿನವೂ ಬಳಸುತ್ತಿದ್ದೆವು. ಅದೇ ರಿಕ್ಷಾದಲ್ಲಿ ವಾಪಸು ಹೋಗಿ ಬಾಟಲಿ ತಂದೆ.

ಬಾಟಲಿಯ ಮೇಲೆ, ಬಣ್ಣ ಹಚ್ಚುವುದಕ್ಕೆ ಮಾತ್ರ, ಔಷಧಿಗಲ್ಲ ಎಂದು ಅಚ್ಚಾಗಿತ್ತು. ಡಾಕ್ಟರು ಅದನ್ನು ಓದಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಇದರಲ್ಲಿ ಬೇರೆ ಲೋಹಗಳ ಕಲಬೆರಕೆ ಇರುತ್ತದೆಯೇ ಎಂದರು. ಇರಬಹುದು ಎಂದೆ. ಎಷ್ಟು ಎಂದರು. ಗೊತ್ತಿಲ್ಲ ಎಂದೆ. ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಶಸ್ತ್ರಚಿಕಿತ್ಸೆಗೆ ಇಟ್ಟುಕೊಂಡಿರಬಹುದೆಂದು ಕಾಂಪೌಂಡರನ್ನು ಸೈಕಲ್ ಮೇಲೆ ಕಳಿಸಿದರು. ಅಲ್ಲಿ ಸಿಗದಿದ್ದರೆ ಇದನ್ನೇ ಹಾಕಬೇಕಾಗುತ್ತದೆ ಎಂದು ನನ್ನನ್ನು ನೋಡದೆ ಹೇಳಿದರು.

ಆ ಬಾಟಲಿ ಕಿಟಕಿಯಲ್ಲಿ ಇದ್ದಷ್ಟು ಹೊತ್ತನ್ನು ನಾನು ಇಂದಿಗೂ ದಾಟಿಲ್ಲ. ಬಿಸಿಲು ಅದರ ಮೇಲೆ ಬಿದ್ದು ಗೋಡೆಗೆ ನೀಲಿ ಚೂರೊಂದು ಬಿದ್ದಿತ್ತು. ಕೂಸು ಉಸಿರು ಎಳೆದುಕೊಳ್ಳುವಾಗ ಮೂಗಿನ ಹೊಳ್ಳೆ ಅರಳುತ್ತಿತ್ತು, ಬಿಡುವಾಗ ಸದ್ದಿಲ್ಲ. ಎಣಿಸಿಕೊಂಡು ನಿಂತೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಅಂತರ ಹೆಚ್ಚಾಯಿತು ಎನಿಸಿದಾಗ ನಾನೂ ಉಸಿರು ಹಿಡಿಯುತ್ತಿದ್ದೆ. ಈಗಲೂ ಕಿಟಕಿಯ ಮೇಲೆ ಯಾವುದಾದರೂ ನೀಲಿ ಶೀಶೆ ಕಂಡರೆ ಉಸಿರು ಹಿಡಿಯುತ್ತೇನೆ.

ಕೂಸಿನ ತಾಯಿ ಮಂಚದ ಕೆಳಗೆ ನೆಲದ ಮೇಲೆ ಕುಳಿತಿದ್ದಳು. ಹತ್ತೊಂಬತ್ತು ಇಪ್ಪತ್ತು ವಯಸ್ಸು. ನನ್ನನ್ನು ಮೊದಲ ಸಲ ನೋಡುತ್ತಿದ್ದಳು, ಆದರೆ ಯಾರೆಂದು ಗೊತ್ತಾಗಿತ್ತು. ಎದ್ದು ಬಂದು ನಿಂತಳು.

"ನೀವು ಹೇಳಿದಂಗ ಮಾಡೀನ್ರಿ ಅಕ್ಕೋರ. ಅರ್ಧಕ್ಕ ಇಳಿಯಾತನ ಕುದಿಸೀನಿ. ಒಂದಿನಾನೂ ತಪ್ಪಿಸಿಲ್ಲ."

ನನಗೆ ಮೊದಲು ತಿಳಿಯಲಿಲ್ಲ. ಮತ್ತೆ ಕೇಳಿದೆ. ಅವರ ಮನೆಗಳಲ್ಲಿ ಕೂಸಿಗೆಂದು ಏನನ್ನಾದರೂ ಕುದಿಸುವುದೆಂದರೆ ಕಷಾಯ. ಅಜವಾನದ್ದಾಗಲಿ ತುಳಸಿಯದ್ದಾಗಲಿ, ಅರ್ಧಕ್ಕೆ ಇಳಿಸದೆ ಕೊಡುವುದಿಲ್ಲ. ಓದಿದ ಅಕ್ಕೋರು ನೀರನ್ನೂ ಕುದಿಸಲು ಹೇಳಿದ್ದಾರೆಂದರೆ ಅದೂ ಔಷಧಿಯೇ ಇರಬೇಕು. ಹಿತ್ತಾಳೆಯ ಪಾತ್ರೆಯ ಒಳಮೈಗೆ ಇದ್ದಿಲಿನಿಂದ ಗೆರೆ ಎಳೆದಿದ್ದಳಂತೆ. ನೀರು ಗೆರೆಗೆ ಇಳಿಯುವವರೆಗೆ ಒಲೆಯ ಮುಂದೆ ಕುಳಿತಿರುತ್ತಿದ್ದಳಂತೆ, ದಿನಕ್ಕೆ ಎರಡು ಸಲ. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ. ನೀರು ಅರ್ಧವಾದರೆ ಅದು ಎರಡರಷ್ಟಾಗುತ್ತದೆ. ನನ್ನ ಮಾತನ್ನು ಅಷ್ಟು ನಿಷ್ಠೆಯಿಂದ ಯಾವ ವಿದ್ಯಾರ್ಥಿಯೂ ಪಾಲಿಸಿರಲಿಲ್ಲ.

ಅವಳ ಅತ್ತೆ ಬಾಗಿಲಿಗೆ ಒರಗಿ ಕುಳಿತಿದ್ದರು. ಗಟ್ಟಿ ಮುದುಕಿ. ಅಲ್ಲಿಂದಲೇ ಎಲ್ಲರಿಗೂ ಕೇಳುವಂತೆ ಹೇಳಿದರು.

"ನಾ ಅವತ್ತೇ ಅಂದೆ, ನೀರಿಗಿ ಒಗ್ಗರಣಿ ಹಾಕಾಕತ್ತೀಯೇನಬೇ ಅಂತ. ಕುಳ್ಳು ಸುಟ್ಟಳು, ನೀರೂ ಸುಟ್ಟಳು. ಅಕ್ಕೋರು ಹೇಳಿದ್ದು ಒಂದು, ಈಕಿ ಮಾಡಿದ್ದು ಒಂದು."

ಸೊಸೆ ನನ್ನನ್ನು ನೋಡಿದಳು. ಏನಾದರೂ ಹೇಳುತ್ತೇನೆಂದು ಕಾದಳು. ಎಷ್ಟು ಹೊತ್ತು ಕುದಿಸಬೇಕೆಂದು ನಾನು ಹೇಳಿಯೇ ಇರಲಿಲ್ಲ, ಅವಳದು ತಪ್ಪಿಲ್ಲ ಎಂದು ಅಲ್ಲೇ ಹೇಳಬೇಕಿತ್ತು. ನಾನು, ಬಾವಿ ನೀರೇ ಸರಿಯಿಲ್ಲ ಯವ್ವಾ, ಇನ್ನು ಮುಂದೆ ಅದನ್ನು ಕೂಸಿಗೆ ಹಾಕಬೇಡಿ ಎಂದಷ್ಟೇ ಹೇಳಿದೆ. ಅದು ಸುಳ್ಳಲ್ಲ. ಅವಳು ಮತ್ತೆ ಮಂಚದ ಕೆಳಗೆ ಹೋಗಿ ಕುಳಿತಳು.

ಕಾಂಪೌಂಡರ್ ಬಂದರು. ಹತ್ತಿಯಲ್ಲಿ ಸುತ್ತಿದ ಎರಡು ಗಾಜಿನ ಆಂಪೂಲು ಸಿಕ್ಕಿದ್ದವು. ಡಾಕ್ಟರು ಕೂಸಿನ ತೂಕ ನೋಡಿ, ಲೆಕ್ಕ ಹಾಕಿ, ನಿಧಾನವಾಗಿ ಚುಚ್ಚಿದರು. ಕಡುನೀಲಿ ದ್ರವ ಆ ಸಣ್ಣ ರಕ್ತನಾಳಕ್ಕೆ ಇಳಿಯುವುದನ್ನು ನೋಡಿ ಕಾಕಾ ಗೋಡೆಯ ಕಡೆ ತಿರುಗಿದರು. ಒಂದು ತಾಸಿನೊಳಗೆ ತುಟಿಯ ಬಣ್ಣ ತಿರುಗತೊಡಗಿತು. ಮೊದಲು ಉಗುರು, ಆಮೇಲೆ ಕಿವಿ. ಕೂಸು ಅತ್ತಿತು. ವಾರ್ಡಿನಲ್ಲಿದ್ದವರೆಲ್ಲ ಆ ಅಳು ಕೇಳಲು ಮಂಚದ ಸುತ್ತ ನಿಂತರು.

ಮಧ್ಯಾಹ್ನ ಅದರ ಬಟ್ಟೆ ಹಸಿರಾಗಿ ಒದ್ದೆಯಾದಾಗ ತಾಯಿ ಹೆದರಿ ಕೂಗಿಕೊಂಡಳು. ಮದ್ದಿನ ಬಣ್ಣ ಮೂತ್ರದಲ್ಲಿ ಹೋಗುತ್ತದೆ, ಹೆದರಬೇಡಿ ಎಂದು ನಾನು ಸಮಾಧಾನ ಹೇಳಿದೆ. ಮುದುಕಿ ಆ ಬಟ್ಟೆಯನ್ನು ಎತ್ತಿ ಹಿಡಿದು, ಎರಡು ದಿನದಲ್ಲಿ ಮೊದಲ ಬಾರಿಗೆ ನಕ್ಕರು.

"ಗಿಳಿ ಹಡದೀಯೇನಬೇ?"

ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು, ನಕ್ಕು ಅತ್ತಳು. ನಾನು ಬಾಟಲಿಯನ್ನು ಕಿಟಕಿಯಿಂದ ತೆಗೆದು ಚೀಲದಲ್ಲಿ ಇಟ್ಟುಕೊಂಡೆ.

ಕೂಸು ಉಳಿಯಿತು. ಅಕ್ಕೋರು ಬಂದು ಹೇಳದಿದ್ದರೆ ನಮಗೆ ತಿಳಿಯುತ್ತಿರಲಿಲ್ಲ ಎಂದು ಡಾಕ್ಟರು ಕಾಕಾರ ಮುಂದೆ ಹೇಳಿದರು. ಆ ಮಾತು ಕಾಲೇಜಿಗೂ ಬಂತು. ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ನನ್ನನ್ನು ಹೊಗಳಿದರು. ನಾನು ತಲೆ ತಗ್ಗಿಸಿದ್ದನ್ನು ವಿನಯ ಎಂದುಕೊಂಡರು.

ತಿಂಗಳಾದ ಮೇಲೆ ಒಂದು ದಿನ ಸಿಂಕಿನ ಹತ್ತಿರ ಹೋಗಿ ನಿಂತೆ. ಕಾಕಾ ಟ್ಯೂಬು ತೊಳೆಯುತ್ತಿದ್ದರು. ಅವತ್ತಿನ ಆ ಟ್ಯೂಬು, ಎಂದು ಶುರು ಮಾಡಿದೆ. ಅವರು ಕೈ ನಿಲ್ಲಿಸಲಿಲ್ಲ.

"ಅದು ಹೊಲಸಿದ್ದಿಲ್ಲ ಬಿಡ್ರಿ ಅಕ್ಕೋರ. ನನಗ ಗೊತ್ತಿತ್ತು. ನೀರಾಗ ಏನರ ಅದ ಏನು ಅನ್ನಬೇಕಂತ ಬಾಯಿಗಿ ಬಂದಿತ್ತು. ಓದಿದೋರ ಮುಂದ ನಾ ಏನು ಹೇಳೋದು ಅಂತ ಸುಮ್ಮನಾದೆ. ಗಟ್ಟಿ ಮಾತಾಡಿದ್ದರ ಕೂಸಿಗಿ ಹಂಗ ಆಗ್ತಿದ್ದಿಲ್ಲ. ನಂದಾ ತಪ್ಪು."

ನಲ್ಲಿ ಸುರಿಯುತ್ತಿತ್ತು. ನಿಮ್ಮದಲ್ಲ, ನನ್ನದು ಎಂದು ಎರಡು ಶಬ್ದ ಹೇಳಬೇಕಿತ್ತು. ಗಂಟಲಿಗೆ ಬಂದದ್ದು ಬೇರೆ. ಬರುವ ಭಾನುವಾರ ನಾನೂ ದೊಡ್ಡಿಗೆ ಬರುತ್ತೇನೆ ಎಂದೆ.

ಹೋದೆವು. ಮಸರಕಲ್‌ನಲ್ಲಿ ಬಸ್ಸಿಳಿದು ಎರೆಹೊಲದ ದಾರಿಯಲ್ಲಿ ನಡೆದು. ಕೂಸು ಕಂಬಳಿಯ ಮೇಲೆ ಮಲಗಿ ಕಾಲು ಒದೆಯುತ್ತಿತ್ತು, ಕೆಂಪಗಿತ್ತು. ಈಗ ದೂರದ ಇನ್ನೊಂದು ಬಾವಿಯಿಂದ ಅದಕ್ಕೆ ನೀರು ತರುತ್ತಿದ್ದರು. ಆ ನೀರನ್ನು ಕಾಕಾ ತಂದಾಗ ನಾನು ಎಲ್ಲ ಪರೀಕ್ಷೆಯನ್ನೂ ಎರಡೆರಡು ಸಲ ಮಾಡಿದ್ದೆ. ಸೊಸೆ ಸ್ವತಃ ಹೋಗಿ ಎರಡು ಕೊಡ ಹೊತ್ತು ತರುತ್ತಾಳೆ, ಬೇರೆ ಯಾರೂ ತರಲು ಬಿಡುವುದಿಲ್ಲ ಎಂದು ಮುದುಕಿ ಹೇಳಿದರು, ಅರ್ಧ ದೂರಿನ ದನಿಯಲ್ಲಿ. ನೀರು ಸುಟ್ಟಾಕಿ ಎಂಬ ಹೆಸರು ದೊಡ್ಡಿಯಲ್ಲಿ ಅವಳಿಗೆ ಅಂಟಿಕೊಂಡಿತ್ತು.

ನಾನು ಮುದುಕಿಯ ಮುಂದೆ ಕುಳಿತು ಹೇಳಿದೆ. ಎಷ್ಟು ಹೊತ್ತು ಕುದಿಸಬೇಕೆಂದು ನಾನು ಹೇಳಲಿಲ್ಲ, ನಿಮ್ಮ ಸೊಸೆ ನಿಮ್ಮ ಮನೆಯ ಪದ್ಧತಿಯಂತೆ ಮಾಡಿದಳು, ತಪ್ಪು ನನ್ನದು. ಮುದುಕಿ ಎಲೆ ಅಡಿಕೆ ಅಗಿಯುತ್ತ ಕೇಳಿಸಿಕೊಂಡರು. ಉಗಿದು ಬಂದು ಕೇಳಿದರು:

"ಹಂಗಾರ ಎಷ್ಟೊತ್ತು ಕುದಿಸಬೇಕು? ಈಗರ ಹೇಳ್ರಿ."

ನಾನು ಬಾಯಿ ತೆರೆಯುವ ಮೊದಲೇ ಸೊಸೆ ಒಳಗಿನಿಂದ ಹೇಳಿದಳು.

"ಒಂದು ಕುದಿ ಬಂದ್ರ ಸಾಕು ಅತ್ತಿ, ದವಾಖಾನ್ಯಾಗ ಕೇಳೀನಿ."

ಮುದುಕಿ ಹೌದಾ ಎಂದು ನನ್ನನ್ನು ನೋಡಿದರು. ಹೌದು ಎಂದೆ. ಅವರು ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಸೊಸೆ ನನಗೆ ನೀರು ತಂದುಕೊಟ್ಟಳು. ಮೂಲೆಯಲ್ಲಿ ಆ ಹಿತ್ತಾಳೆ ಪಾತ್ರೆ ಇತ್ತು, ಒಳಗೆ ಇದ್ದಿಲಿನ ಗೆರೆ ಇನ್ನೂ ಕಾಣುತ್ತಿತ್ತು. ನಾನು ನೀರು ಕುಡಿಯುವವರೆಗೂ ಅವಳು ನಿಂತಿದ್ದಳು.

ಟ್ಯೂಬಿನ ಮಾತು ಅಲ್ಲಿ ಹೇಳಲಿಲ್ಲ. ಹೇಳಬೇಕೆಂದೇ ಹೋಗಿದ್ದೆ. ಎಚ್ಚರಿಕೆ ಹತ್ತು ಹನ್ನೆರಡು ದಿನ ಮೊದಲೇ ನನ್ನ ಕೈಯಲ್ಲಿತ್ತು, ನಿನ್ನ ತಂದೆಯನ್ನು ಬೈದು ಅದನ್ನು ಚೆಲ್ಲಿಸಿದೆ ಎಂದು ಆ ಹುಡುಗಿಗೆ ಹೇಳಲಾಗಲಿಲ್ಲ. ದೊಡ್ಡ ತಪ್ಪು ಬಚ್ಚಿಟ್ಟುಕೊಳ್ಳಲು ಸಣ್ಣ ತಪ್ಪನ್ನು ಒಪ್ಪಿಕೊಂಡೆ. ಕಾಕಾ ಅಂಗಳದಲ್ಲಿ ಕುಳಿತು ನೆಲದ ಮೇಲೆ ಕಡ್ಡಿಯಿಂದ ಏನೋ ಗೀಚುತ್ತಿದ್ದರು. ಮೇಲೆ ನೋಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿತು, ಅವರು ಕಂಬಿ ಹಿಡಿದು ನಿಂತಿದ್ದರು. ಕುಳಿತುಕೊಳ್ಳಿ ಎಂದರೆ ಒಪ್ಪಲಿಲ್ಲ. ರಾಯಚೂರು ಹತ್ತಿರವಾಯಿತು. ಆಮೇಲೆ ಬಗ್ಗಿ ಕೇಳಿದರು.

"ನಾಳಿಗಿ ಎಷ್ಟು ಟೂಬು ಬೇಕ್ರಿ ಅಕ್ಕೋರ?"

ಹನ್ನೆರಡು ಎಂದೆ. ನಾನೇ ತೊಳೆದುಕೊಳ್ಳುತ್ತೇನೆ ಎನ್ನಬೇಕೆಂದುಕೊಂಡೆ. ಹಾಗೆಂದರೆ ಮತ್ತೆ ಅವರ ಕೈಯನ್ನೇ ದೂರಿದಂತಾಗುತ್ತಿತ್ತು.